ನಡುವಿನ ಖೋಲಿಯ ಇಂಗ್ಲಿಷ್

ಬೀದರಿನ ಈ ಮನೆಗೆ ಬಂದ ಎರಡನೆಯ ಮಧ್ಯಾಹ್ನ, ಬೀಗ ಜಡಿದಿದ್ದ ಬಾಗಿಲಿನ ಆಚೆಯಿಂದ ಒಬ್ಬ ಹುಡುಗಿ ಇಂಗ್ಲಿಷ್ ಹೇಳುವುದು ಕೇಳಿಸಿತು. 'ದ ಟ್ರೇನ್ ಹ್ಯಾಡ್ ಲೆಫ್ಟ್ ಬಿಫೋರ್ ವಿ ರೀಚ್ಡ್ ದ ಸ್ಟೇಷನ್.' ನಾವು ನಿಲ್ದಾಣ ಮುಟ್ಟುವ ಮೊದಲೇ ರೈಲು ಹೊರಟುಹೋಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ವಾಕ್ಯ. ದನಿ ಎಳೆಯದು, ತಿದ್ದಿದ ಹಾಗೆ ಸ್ಪಷ್ಟ. ಮೂರನೆಯ ಸಲ ಹೇಳುತ್ತಿರುವಾಗ ವಾಯುಪಡೆಯ ತರಬೇತಿ ವಿಮಾನವೊಂದು ಮನೆಯ ಮೇಲೆಯೇ ಗುಡುಗಿಕೊಂಡು ಹೋಯಿತು. ಗೋಡೆಯ ಗೂಡಿನಲ್ಲಿದ್ದ ಲೋಟ ನಡುಗಿತು. ಸದ್ದು ಅಡಗಿದಾಗ ಆ ದನಿ ವಾಕ್ಯವನ್ನು ಮೊದಲಿನಿಂದ ಶುರುಮಾಡಲಿಲ್ಲ. ಎಲ್ಲಿ ಮುಳುಗಿತ್ತೋ ಅಲ್ಲಿಂದಲೇ, '...ರೀಚ್ಡ್ ದ ಸ್ಟೇಷನ್' ಎಂದು ಮುಗಿಸಿತು.

ಊರಿನ ಓದುಗರಿಗೆ ನಾನು ಇಲ್ಲಿಗೆ ಹೇಗೆ ಬಂದೆ ಎಂದು ಹೇಳಬೇಕು. ನಾನು ಮಂಜು, ನಂಜನಗೂಡಿನ ಪಕ್ಕದ ಹಳ್ಳಿಯವಳು. ಬಿ.ಎಸ್ಸಿ. ಮುಗಿಸಿ ಅಲ್ಲಿಯ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ಆ ಘಟಕ ಮುಚ್ಚಿತು. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೇ ಇನ್ನೊಂದು ಕಾರ್ಖಾನೆ ಇದೆ, ಬೇಕಾದವರು ಹೋಗಬಹುದು ಅಂದರು. ಹೆಂಗಸರಲ್ಲಿ ಹೊರಟವಳು ನಾನೊಬ್ಬಳೇ. ಒಂದು ಷರತ್ತಿತ್ತು. ಇಲ್ಲಿ ಮಾತ್ರೆ ತಯಾರಾಗುವ ಒಂದೊಂದು ಹಂತವನ್ನೂ ಇಂಗ್ಲಿಷ್‌ನಲ್ಲಿ ಬರೆದಿಡುವ ವಿಭಾಗಕ್ಕೆ ನನ್ನನ್ನು ಹಾಕುತ್ತಾರೆ. ಅಲ್ಲಿ ಕಾಯಂ ಆಗಬೇಕಾದರೆ ಮಧ್ಯಮ ಹಂತದ ಇಂಗ್ಲಿಷ್ ವ್ಯಾಕರಣ ಮತ್ತು ಪದಸಂಪತ್ತಿನ ಪರೀಕ್ಷೆ ಪಾಸು ಮಾಡಬೇಕು. ಇಲ್ಲವಾದರೆ ಮನೆಗೆ ಹೋಗಬೇಕು. ಪದವಿಯವರೆಗೂ ಇಂಗ್ಲಿಷನ್ನು ಬಾಯಿಪಾಠ ಮಾಡಿಯೇ ದಾಟಿ ಬಂದವಳಿಗೆ ಇದು ಸಣ್ಣ ಮಾತಾಗಿರಲಿಲ್ಲ.

ಮನೆ ಹುಡುಕುವುದು ಇನ್ನೂ ಕಷ್ಟವಾಯಿತು. ಒಂಟಿ ಹೆಣ್ಣು, ದೂರದ ಊರು, ಮಾತು ಬೇರೆ. ನನ್ನ ಕನ್ನಡ ಕೇಳಿ ಕೆಲವರು ಹಿಂದಿಯಲ್ಲಿ ಉತ್ತರ ಕೊಟ್ಟರು. ಕೊನೆಗೆ ಹಳೆಯ ಊರಿನ ಕೆಂಪು ಕಲ್ಲಿನ ಮನೆಯೊಂದರ ಮುಂದೆ ನಿಂತೆ. ಅರವತ್ತರ ಆಸುಪಾಸಿನ ಹೆಂಗಸು ಬಾಗಿಲಿಗೆ ಬಂದರು. ಶಾಂತಾಬಾಯಿ ಎಂದು ಹೆಸರು. ಭಾಲ್ಕಿ ಕಡೆಯ ಮೆಹಕರದವರು. ಗಂಡ ತೀರಿಕೊಂಡಿದ್ದರು.

"ಖೋಲಿ ಕೊಡಾಂಗಿಲ್ರಿ," ಅಂದರು. ಖೋಲಿ ಎಂದರೆ ಕೋಣೆ.

ನಾನು ತಿರುಗಿ ಹೊರಡುತ್ತಾ, ಪರೀಕ್ಷೆಗೆ ಓದಬೇಕಿತ್ತು, ಮನೆ ಸಿಗುತ್ತಿಲ್ಲ ಎಂದು ಗೊಣಗಿದೆ.

"ಯಾ ಪರೀಕ್ಷಾ?"

"ಇಂಗ್ಲಿಷ್ ಪರೀಕ್ಷೆ ಅಮ್ಮಾ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಮುಖವನ್ನಲ್ಲ, ಬಾಯಿಯನ್ನು. "ಹಂಗಾದ್ರ ಹಿಂದಿನ ಖೋಲಿ ತಗೋರಿ," ಅಂದರು.

ಮುಂದೆ ಅವರ ಪಡಸಾಲೆ, ಹಿಂದೆ ನನ್ನ ಕೋಣೆ. ಎರಡರ ನಡುವೆ ಇನ್ನೊಂದು ಕೋಣೆ. ಅದರ ಬಾಗಿಲು ನನ್ನ ಕಡೆಗೂ ಇತ್ತು, ಬೀಗ ಹಾಕಿತ್ತು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಬಾಬಾಸಾಹೇಬರ ಚಿತ್ರ, ಅವುಗಳ ಪಕ್ಕದಲ್ಲಿ ನರ್ಸಿನ ಬಿಳಿ ಉಡುಪಿನ ಒಬ್ಬ ಹುಡುಗಿಯ ಫೋಟೊ. ಫೋಟೊಗೆ ಹಾರವಿರಲಿಲ್ಲ. ಮಗಳು ಎಲ್ಲೋ ಕೆಲಸದಲ್ಲಿರಬೇಕು, ಈಗ ರಜೆಗೆ ಬಂದು ಓದುತ್ತಿರಬೇಕು ಎಂದುಕೊಂಡೆ. ಸಂಜೆ ಚಹಾಕ್ಕೆ ಕರೆದಾಗ ಕೇಳಿಯೂಬಿಟ್ಟೆ.

"ಮಧ್ಯಾಹ್ನ ಓದುತ್ತಿದ್ದದ್ದು ನಿಮ್ಮ ಮಗಳಾ ಅಮ್ಮಾ?"

"ಮನ್ಯಾಗ ನಾ ಒಬ್ಬಾಕೇ ಇರ್ತೇನ್ರಿ," ಅಂದರು. "ಚಾ ಕುಡೀರಿ, ಆರ್ತದ."

ನಮ್ಮ ಕಡೆ ಮಧ್ಯಾಹ್ನಕ್ಕೆ ಒಂದಿಷ್ಟು ಸದ್ದಾದರೂ ಇರುತ್ತದೆ. ಕಾಲುವೆಯಲ್ಲಿ ನೀರು ಓಡುತ್ತದೆ, ಭತ್ತದ ಗದ್ದೆಯಲ್ಲಿ ಯಾರಾದರೂ ಕೂಗುತ್ತಾರೆ. ಇಲ್ಲಿಯ ಮಧ್ಯಾಹ್ನಕ್ಕೆ ಬಾಯಿಲ್ಲ. ಎತ್ತರದ ಬಯಲಿನ ಮೇಲೆ ಊರು ಕೂತಿದೆ, ಗಾಳಿ ಬೀಸುತ್ತದೆ, ಬೀದಿಯ ಕೆಂಪು ಕಲ್ಲೆಲ್ಲ ಕಾದು ಸುಮ್ಮನಾಗುತ್ತದೆ. ನಾನು ಬೆಳಗಿನ ಪಾಳಿ ಮುಗಿಸಿ ಕಂಪನಿ ಬಸ್ಸಿನಲ್ಲಿ ಬಂದು, ಎರಡು ತುತ್ತು ತಿಂದು, ಪುಸ್ತಕ ಹಿಡಿಯುವ ಹೊತ್ತಿಗೆ ಸರಿಯಾಗಿ ಆ ದನಿ ಶುರುವಾಗುತ್ತಿತ್ತು. ನಾನು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದರೆ ನಿಲ್ಲುತ್ತಿರಲಿಲ್ಲ. ಬಾಗಿಲಿಗೆ ಕಿವಿಕೊಟ್ಟರೂ ನಿಲ್ಲುತ್ತಿರಲಿಲ್ಲ. ಅದಕ್ಕೆ ನಾನು ಇರುವುದೇ ಗೊತ್ತಿಲ್ಲದ ಹಾಗಿತ್ತು.

ಉಳಿದಂತೆ ಶಾಂತಾಬಾಯಿ ಒಳ್ಳೆಯ ಮನಸ್ಸಿನವರು. ಒಂದು ದಿನ "ಹುಗ್ಗಿ ಮಾಡೇನಿ, ಉಣ್ಣಾಕ ಬರ್ರಿ" ಅಂದರು. ನಮ್ಮಲ್ಲಿ ಹುಗ್ಗಿ ಎಂದರೆ ಮೆಣಸು ಹಾಕಿದ ಪೊಂಗಲ್ಲು. ತಿಂಗಳಿಂದ ಅನ್ನಕ್ಕೆ ಹಂಬಲಿಸಿದ್ದ ನಾನು ಓಡಿ ಹೋದೆ. ತಟ್ಟೆಗೆ ಬಿದ್ದದ್ದು ಗೋಧಿಯ ಸಿಹಿ ಪಾಯಸ, ಮೇಲೆ ತುಪ್ಪ. ಮೊದಲ ತುತ್ತಿಗೆ ನನ್ನ ಮುಖ ನೋಡಿ ಅವರು ಗಾಬರಿಯಾದರು, ಆಮೇಲೆ ಇಬ್ಬರೂ ನಕ್ಕೆವು. ಅಂದಿನಿಂದ ಅವರನ್ನು ಎಲ್ಲರ ಹಾಗೆ 'ಆಯಿ' ಎಂದು ಕರೆಯತೊಡಗಿದೆ. ಇಲ್ಲಿ ತಾಯಿಗೆ ಮರಾಠಿಯ ಆ ಹೆಸರೇ ಬಳಕೆ. ಅವರು ನನ್ನನ್ನು 'ತಂಗಿ' ಅಂದರು, ನೀವು ಹೋಗಿ ನೀನು ಆಯಿತು. ಮಧ್ಯಾಹ್ನದ ವಿಷಯ ಮಾತ್ರ ನಾವು ಎತ್ತಲಿಲ್ಲ.

ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಗೈಡು ಕೊಂಡಿದ್ದೆ. ಪರೀಕ್ಷೆಗೆ ಓದುವ ಇಲ್ಲಿಯ ಹುಡುಗರೆಲ್ಲ ಓದುವುದು ಅದನ್ನೇ ಎಂದು ಅಂಗಡಿಯವನು ಹೇಳಿದ. ಅದರಲ್ಲಿ ತಪ್ಪು ವಾಕ್ಯ ಕೊಟ್ಟು ಸರಿಪಡಿಸಲು ಹೇಳುವ ಪಾಠವಿತ್ತು. ಒಂದು ಮಧ್ಯಾಹ್ನ ನಾನು ಅದನ್ನು ಗಟ್ಟಿಯಾಗಿ ಓದಿದೆ: 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಮಂತ್ಸ್.'

ಆಚೆಯ ದನಿ ತನ್ನ ವಾಕ್ಯವನ್ನು ಅರ್ಧಕ್ಕೆ ಬಿಟ್ಟಿತು. ಆಮೇಲೆ ಮೆಲ್ಲಗೆ, ತಪ್ಪಿಲ್ಲದೆ ಹೇಳಿತು: 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಮಂತ್ಸ್.'

ಇನ್ನೊಂದು ತಪ್ಪು ವಾಕ್ಯ ಓದಿದೆ: 'ಶಿ ಈಸ್ ಮ್ಯಾರಿಡ್ ವಿತ್ ಎ ಡಾಕ್ಟರ್.' 'ಶಿ ಈಸ್ ಮ್ಯಾರಿಡ್ ಟು ಎ ಡಾಕ್ಟರ್,' ಅಂದಿತು ದನಿ. ಪುಟ ತಿರುವಿ ಮತ್ತೊಂದು. ಅದಕ್ಕೂ ಉತ್ತರ ಬಂತು. ಆಗ ಪುಸ್ತಕ ಮುಚ್ಚಿ, ನಾನೇ ಒಂದು ತಪ್ಪು ವಾಕ್ಯ ಕಟ್ಟಿ, "ಯಾರು ನೀನು" ಎಂಬುದನ್ನು ಕೆಟ್ಟ ಇಂಗ್ಲಿಷ್‌ನಲ್ಲಿ ಕೇಳಿದೆ. ಉತ್ತರ ಬರಲಿಲ್ಲ. ಬಾಗಿಲಿನ ಆಚೆ ಯಾರೋ ಉಸಿರಾಡುವುದು ಮಾತ್ರ ಕೇಳಿಸಿತು.

ಚಪ್ಪಲಿಯನ್ನೂ ಮೆಟ್ಟದೆ ಹಿತ್ತಲು ಬಳಸಿ ಮುಂದಿನ ಬಾಗಿಲಿಗೆ ಓಡಿದೆ. ಪಡಸಾಲೆಯ ಕಡೆಯಿಂದ ನಡುವಿನ ಖೋಲಿಯ ಬಾಗಿಲು ತೆರೆದೇ ಇತ್ತು. ಒಳಗೆ ಮೇಜು, ಕುರ್ಚಿ, ಗೋಡೆಗೆ ಒರಗಿಸಿದ ಕಪ್ಪು ಹಲಗೆ. ನೆಲದ ಮೇಲೆ ಆಯಿ ಜೋಳದ ಮೊರ ಮುಂದಿಟ್ಟುಕೊಂಡು ಕೂತಿದ್ದರು. ಬೆರಳುಗಳು ಕಲ್ಲು ಆರಿಸುತ್ತಿದ್ದವು. ಬಾಯಿಯಿಂದ ಆ ಎಳೆಯ ದನಿ ಬರುತ್ತಿತ್ತು. 'ಶಿ ಈಸ್ ಮ್ಯಾರಿಡ್ ಟು ಎ ಡಾಕ್ಟರ್.'

ನನ್ನನ್ನು ನೋಡಿದ ಮೇಲೆ ದನಿ ಅವರದೇ ಆಯಿತು. "ಹೆದರಿದೇನ್ ತಂಗಿ? ಬಾ, ಕುಂದ್ರು."

"ಆಯಿ, ನಿಮಗೆ ಇಂಗ್ಲಿಷ್ ಬರುತ್ತಾ?"

"ನನಗ ಇಂಗ್ಲಿಷ್ ಎಲ್ಲಿಂದ ಬರ್ಬೇಕ? ನಾ ಸಾಲಿ ಮಾರಿನೇ ನೋಡಿಲ್ಲ. ಇದು ಪ್ರಜ್ಞಾನ ದನಿ."

ಪ್ರಜ್ಞಾ ಅವರ ಒಬ್ಬಳೇ ಮಗಳು. ನರ್ಸಿಂಗ್ ಓದಿದ್ದಳು. ಹೊರದೇಶದ ಆಸ್ಪತ್ರೆಗೆ ಹೋಗಲು ಬೇಕಾದ ಇಂಗ್ಲಿಷ್ ಪರೀಕ್ಷೆಗೆ ಇದೇ ಖೋಲಿಯಲ್ಲಿ ತಯಾರಿ ನಡೆಸಿದ್ದಳು. ಮಧ್ಯಾಹ್ನ ಗೆಳತಿ ಬರುತ್ತಿದ್ದಳು. ಒಬ್ಬಳು ತಪ್ಪು ವಾಕ್ಯ ಓದುವುದು, ಇನ್ನೊಬ್ಬಳು ಸರಿಯಾದದ್ದನ್ನು ಹೇಳುವುದು. ತಾಯಿ ಮೂಲೆಯಲ್ಲಿ ಕಾಳು ಹಸನು ಮಾಡುತ್ತಾ ಕೇಳುತ್ತಿದ್ದರು. ಕೆಲವು ವರ್ಷಗಳ ಹಿಂದೆ, ಪರೀಕ್ಷೆ ಬರೆದು ಬಂದ ಸಂಜೆಯೇ ಜ್ವರ ಏರಿ, ದವಾಖಾನೆ ಸೇರಿ, ಮಗಳು ಮತ್ತೆ ಮಾತಾಡಲಿಲ್ಲ.

"ಮಾರಿ ಫೋಟೊದಾಗ ಅದ," ಅಂದರು ಆಯಿ. "ದನಿ ಎಲ್ಲದ ಹೇಳು? ಒಮ್ಮಿ ಮರ್ತರ ಹೋತು. ಅದಕ್ಕ ದಿನಾ ಒಂದೀಟು ಅಂತೇನಿ. ಬಾಯಾಗ ಇಟ್ಟೀನಿ ಅಕಿನ್ನ."

ಮರುದಿನ ಅವರು ನನ್ನ ಕಡೆಯ ಬಾಗಿಲಿನ ಬೀಗ ತೆಗೆದರು. ಅಂದಿನಿಂದ ನಾವಿಬ್ಬರೂ ಕೂತು ಅಭ್ಯಾಸ ಮಾಡಿದೆವು. ನಾನು ತಪ್ಪು ಓದುತ್ತಿದ್ದೆ, ಅವರು ಸರಿ ಹೇಳುತ್ತಿದ್ದರು. ವ್ಯಾಕರಣದ ಸೂತ್ರ ಎಷ್ಟು ಓದಿದರೂ ಹತ್ತದ ನನಗೆ ಈ ರೀತಿಯಲ್ಲಿ ಅದು ಕಿವಿಯಿಂದ ಇಳಿಯಿತು. ಕಾರ್ಖಾನೆಯಲ್ಲಿ ನನ್ನ ಬರಹದ ಮೇಲೆ ಕೆಂಪು ಗೀಟುಗಳು ಕಡಿಮೆಯಾದವು. ಆದರೂ ಅಂಜಿಕೆ ಹೋಗಲಿಲ್ಲ. ಇಂಗ್ಲಿಷ್ ಹೇಳುವಾಗ ಆಯಿಯ ಗದ್ದ ಮೇಲೇಳುತ್ತಿತ್ತು, ಕುತ್ತಿಗೆ ನೆಟ್ಟಗಾಗುತ್ತಿತ್ತು, ಮುಖದ ಸುಕ್ಕು ಬೇರೆ ಯಾರದೋ ಮುಖದ ಮೇಲೆ ಬಂದು ಬಿದ್ದ ಹಾಗೆ ಕಾಣುತ್ತಿತ್ತು. ಆ ಹೊತ್ತಿನಲ್ಲಿ ನಾನು ಮೊರದಲ್ಲಿನ ಜೋಳವನ್ನೇ ನೋಡುತ್ತಿದ್ದೆ.

ಪಾಠ ಮುಗಿದ ಮೇಲೆ ಅವರು ಇನ್ನೂ ಕೆಲವು ವಾಕ್ಯ ಹೇಳುವುದಿತ್ತು. ಅವು ಬೇರೆ ಥರ. ದನಿ ತಗ್ಗಿರುತ್ತಿತ್ತು, ಅವಸರ ಇರುತ್ತಿತ್ತು. ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ನಡುವೆ ಮೌನ, ಅದೂ ಒಂದೊಂದು ಕಡೆ ಒಂದೊಂದು ಅಳತೆಯದು. ನಾನು ಗೈಡಿನಲ್ಲಿ ಹುಡುಕಿದೆ. ಅವು ಇರಲಿಲ್ಲ. ಒಂದು ದಿನ ಅವನ್ನು ಗಮನವಿಟ್ಟು ಕೇಳಿದಾಗ ಮೊದಲ ವಾಕ್ಯ ಅರ್ಥವಾಯಿತು. 'ಡೋಂಟ್ ಟೆಲ್ ಮೈ ಮದರ್.'

ಆಯಿ ಕಣ್ಣು ತೆರೆದು ನನ್ನ ಮುಖವನ್ನೇ ನೋಡುತ್ತಿದ್ದರು.

"ಅದರಾಗ ಮದರ್ ಅಂತದ," ಅಂದರು. "ಮದರ್ ಅಂದ್ರ ಆಯಿ. ಅಷ್ಟು ನನಗೂ ತಿಳೀತದ. ಉಳದಿದ್ದು ಏನಂತ?"

"ಇದು ಪಾಠ ಅಲ್ಲ ಆಯಿ. ಯಾರ ಜೊತೆ ಮಾತಾಡಿದ್ದು?"

"ಸುನೀತಾನ ಕೂಡ. ಅದೇ ಗೆಳತಿ, ಔರಾದದಾಕಿ. ಫೋನ್‌ನ್ಯಾಗ ಇಬ್ಬರೂ ಇಂಗ್ಲಿಷೇ ಮಾತಾಡೋರು, ರೂಢಿ ಆಗ್ಲಿ ಅಂತ. ಅವತ್ತು ನಾ ಇಲ್ಲೇ ಕುಂತು ಜ್ವಾಳ ಹಸನ ಮಾಡ್ತಿದ್ದೆ. ನನ್ನ ಮಾರಿ ನೋಡಿಕೋತ ಮಾತಾಡಿದ್ಲು. ಅದಕ್ಕೇ ನೆಪ್ಪದ." ನನ್ನ ಕೈ ಹಿಡಿದು ಹೇಳಿದರು: "ನೀ ಇಂಗ್ಲಿಷ್ ಕಲೀತೇನಿ ಅಂದಿದ್ದಕ್ಕೇ ಖೋಲಿ ಕೊಟ್ಟೆ ತಂಗಿ. ಸುಳ್ಳ ಹೇಳಬ್ಯಾಡ."

ಇದೂ ಒಂದು ಪಾಠವೇ ಅಂದುಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸುಳ್ಳು ಹೇಳಬೇಡ ಎಂದು ಕೇಳಿಕೊಂಡವರ ಮುಂದೆ ಬಾಯಿ ಬರಲಿಲ್ಲ.

"ನಮ್ಮ ತಾಯಿಗೆ ಹೇಳಬೇಡ ಅಂದಿದ್ದಾಳೆ ಆಯಿ."

"ಏನು ಹೇಳಬ್ಯಾಡಂತ?"

"ಅದು ಇದರಲ್ಲಿ ಇಲ್ಲ. ಇದು ಪ್ರಜ್ಞಾ ಆಡಿದ್ದು ಮಾತ್ರ, ಗೆಳತಿಯ ಮಾತು ಇಲ್ಲ."

ಆಯಿ ಮೊರ ಬದಿಗಿಟ್ಟರು. ಉಳಿದ ವಾಕ್ಯಗಳ ಅರ್ಥ ಕೇಳಲಿಲ್ಲ. "ಐತವಾರ ಔರಾದಕ್ಕ ಹೋಗೂಣು," ಅಂದರು.

ಭಾನುವಾರ ಬಸ್ಸಿನಲ್ಲಿ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ತೊಗರಿ, ಸೋಯಾ, ಕರಿಮಣ್ಣು, ರಸ್ತೆಯ ಅಂಚಿನಲ್ಲಿ ಕುರಿಹಿಂಡು. ಸುನೀತಾ ಔರಾದದ ಒಂದು ಚಿಕ್ಕ ದವಾಖಾನೆಯಲ್ಲಿ ನರ್ಸು. ಅಂದು ರಜೆ, ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಆಯಿಯನ್ನು ಕಂಡು ಓಡಿ ಬಂದು ಕಾಲಿಗೆ ಬಿದ್ದಳು. "ಆಯಿ! ಎಷ್ಟು ದಿನಕ್ಕ ಬಂದ್ರಿ! ಬರ್ರಿ, ನೀರು ಕುಡೀರಿ."

ಆಯಿ ನೀರು ಮುಟ್ಟಲಿಲ್ಲ. ಬೇವಿನ ನೆರಳಿನಲ್ಲಿದ್ದ ಹೊರಸಿನ ಮೇಲೆ ಕೂತರು, ಕಣ್ಣು ಮುಚ್ಚಿದರು. ಗದ್ದ ಮೇಲೆದ್ದಿತು.

'ಡೋಂಟ್ ಟೆಲ್ ಮೈ ಮದರ್.'

ಸುನೀತಾಳ ಕೈಯಿಂದ ಒದ್ದೆ ಬಟ್ಟೆ ಜಾರಿ ಮಣ್ಣಿಗೆ ಬಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ಬಾಯಿ ತಾನೇ ತೆರೆದುಕೊಂಡ ಹಾಗೆ, ಇಂಗ್ಲಿಷ್‌ನಲ್ಲಿ ಹೇಳಿದಳು: 'ಯು ಮಸ್ಟ್ ಟೆಲ್ ಹರ್.'

'ಐ ನೋ. ಬಟ್ ಶಿ ವಿಲ್ ಸ್ಟಾಪ್ ಈಟಿಂಗ್.'

'ದೆನ್ ಕಮ್ ವಿತ್ ಮಿ ಟು ಹೈದರಾಬಾದ್. ಟುಮಾರೊ.'

'ನಾಟ್ ಹೈದರಾಬಾದ್. ವೇರ್ ವಿಲ್ ಶಿ ಸ್ಲೀಪ್?'

ನಾನು ಎಷ್ಟೋ ಮಧ್ಯಾಹ್ನ ಕೇಳಿದ್ದ ಆ ಮೌನಗಳಲ್ಲಿ ಈಗ ಒಂದೊಂದೇ ಮಾತು ಬಂದು ಸರಿಯಾಗಿ ಕೂರುತ್ತಿತ್ತು. ಒಂದು ಮಾತೂ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ಹಾಡುಹಗಲು, ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿದರು. ಸುನೀತಾ ಅಳುತ್ತಲೇ ಕೇಳಿದಳು, 'ವೆನ್ ವಿಲ್ ಯು ಟೆಲ್ ಹರ್?' ಆ ಎಳೆಯ ದನಿ ಹೇಳಿತು, 'ಲೆಟ್ ಮಿ ರೈಟ್ ದ ಟೆಸ್ಟ್ ಫಸ್ಟ್. ಐ ವಿಲ್ ಟೆಲ್ ಹರ್ ಮೈಸೆಲ್ಫ್. ಪ್ರಾಮಿಸ್ ಮಿ.'

'ಐ ಪ್ರಾಮಿಸ್,' ಅಂದಳು ಸುನೀತಾ, ಮತ್ತು ನೆಲಕ್ಕೆ ಕುಸಿದು ಕೂತಳು.

ಆಯಿ ಕಣ್ಣು ತೆರೆದು ನನ್ನ ಕಡೆ ತಿರುಗಿದರು. "ಈಗ ಹೇಳು."

ಪರೀಕ್ಷೆಗೆ ಎಷ್ಟೋ ವಾಕ್ಯ ಕನ್ನಡಕ್ಕೆ ತಂದಿದ್ದೆ. ಇಷ್ಟು ಸುಲಭದ ವಾಕ್ಯಗಳು ಇಷ್ಟು ಕಷ್ಟವಾಗಿರಲಿಲ್ಲ. ಒಂದೊಂದಾಗಿ ಹೇಳಿದೆ. ಆಯಿಗೆ ಹೇಳಬೇಡ. ನೀನು ಹೇಳಲೇಬೇಕು. ಗೊತ್ತು, ಆದರೆ ಅವಳು ಊಟ ಬಿಡುತ್ತಾಳೆ. ನಾಳೆಯೇ ಹೈದರಾಬಾದಿಗೆ ಹೋಗೋಣ. ಹೈದರಾಬಾದ್ ಬೇಡ, ಅಲ್ಲಿ ಆಯಿ ಎಲ್ಲಿ ಮಲಗಬೇಕು? ಮೊದಲು ಪರೀಕ್ಷೆ ಬರೆಯುತ್ತೇನೆ, ಆಮೇಲೆ ನಾನೇ ಹೇಳುತ್ತೇನೆ.

"ರಕ್ತದ ಬ್ಯಾನಿ ಇತ್ತು ಆಯಿ," ಅಂದಳು ಸುನೀತಾ. "ತಾನೇ ರಕ್ತಾ ತಪಾಸಣಿ ಮಾಡಿಸಿ ತಿಳ್ಕೊಂಡಿದ್ಲು. ನನಗ ಒಬ್ಬಾಕಿಗೇ ಗೊತ್ತಿತ್ತು. ಹೈದರಾಬಾದಿನ ದೊಡ್ಡ ದವಾಖಾನಿಗೆ ಕರದೆ, ಬರ್ಲಿಲ್ಲ. ಅಕಿ ಹೋದ ಮ್ಯಾಲ ಯಾವ ಬಾಯಿಲೆ ಹೇಳ್ಲಿ? ನಿಮ್ಮ ಮನಿ ಕಡಿ ಬರಾಕ ಧೈರ್ಯಾನೇ ಆಗ್ಲಿಲ್ಲ."

ಆಯಿ ನನ್ನನ್ನು ಕೇಳಿದರು: "ಆ ಮಲಗೂ ಮಾತು ಇನ್ನೊಮ್ಮಿ ಹೇಳು."

"ಅಲ್ಲಿ ಆಯಿ ಎಲ್ಲಿ ಮಲಗಬೇಕು ಅಂದಳು."

"ನೆಲದ ಮ್ಯಾಲ ಮಲಗ್ತಿದ್ದೆ," ಅಂದರು ಆಯಿ. "ದವಾಖಾನಿ ನೆಲದ ಮ್ಯಾಲ ಮಲಗ್ತಿದ್ದೆ. ನೆಲಾ ಏನ್ ನನಗ ಹೊಸಾದೇನ್?" ಅದನ್ನು ಸುನೀತಾಳಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಎದುರಿಗೆ ಇನ್ನಾರೋ ಕೂತಿದ್ದಾರೆ ಎಂಬಂತೆ ಹೇಳಿದರು. ಆಮೇಲೆ ಸುನೀತಾಳ ತಲೆ ಹಿಡಿದು ಮಡಿಲಿಗೆ ಎಳೆದುಕೊಂಡರು. "ಪರೀಕ್ಷಾ ಪಾಸ್ ಆಗಿದ್ಲೇನ್?"

"ಆಗಿದ್ಲು ಆಯಿ. ಛಲೋ ಪಾಸ್ ಆಗಿದ್ಲು."

ವಾರ ಕಳೆದು ಆಯಿ ತವರಿಗೆ ಹೊರಟರು. ಭಾಲ್ಕಿಯವರೆಗೆ ನಾನೂ ಜೊತೆಗೆ ಹೋಗಿ ಮೆಹಕರದ ಬಸ್ಸು ಹತ್ತಿಸಿದೆ. "ಮನಿ ನೋಡ್ಕೋ. ಛಂದಾಗಿ ಬರಿ," ಅಂದರು. ಬಸ್ಸು ಹೋದ ಮೇಲೆ, ಬೀದರಿನ ಆ ಮನೆಗೆ ಈಗ ನಾನೊಬ್ಬಳೇ ಎಂಬುದು ಮನಸ್ಸಿಗೆ ಬಂತು.

ಆ ದಿನಗಳ ಮಧ್ಯಾಹ್ನಗಳನ್ನು ಹೇಗೆ ವಿವರಿಸಲಿ? ಅಭ್ಯಾಸಕ್ಕೆಂದು ತಪ್ಪು ವಾಕ್ಯ ಓದುತ್ತಿದ್ದೆ. ಉತ್ತರಕ್ಕೆ ಕಾಯುತ್ತಿದ್ದೆ. ಯಾರೂ ಇಲ್ಲ ಎಂದು ಗೊತ್ತಿದ್ದೂ ಕಾಯುತ್ತಿದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಉತ್ತರ ಬಂತು. ಸ್ಪಷ್ಟವಾದ, ಎಳೆಯ ದನಿ, ಕೊನೆಯ ಪದವನ್ನು ತುಸು ಎತ್ತಿ ಹೇಳುವ ಅದೇ ರೀತಿ. ಬೆಚ್ಚಿ ಬಾಗಿಲ ಕಡೆ ನೋಡಿದೆ. ಆಮೇಲೆ ತಿಳಿಯಿತು, ಹೇಳಿದವಳು ನಾನೇ. ನನ್ನ ಗದ್ದ ಮೇಲೆದ್ದಿತ್ತು.

ಪರೀಕ್ಷೆ ನಡೆದದ್ದು ಕಾರ್ಖಾನೆಯ ತರಬೇತಿ ಕೋಣೆಯಲ್ಲಿ. ತಪ್ಪು ತಿದ್ದುವ ಪ್ರಶ್ನೆಗಳಿಗೆ ನಾನು ಯೋಚಿಸಲೇ ಇಲ್ಲ. ಓದುತ್ತಿದ್ದಂತೆ ಕಿವಿಯೊಳಗೆ ಸರಿಯಾದ ವಾಕ್ಯ ಕೇಳಿಸುತ್ತಿತ್ತು, ಬರೆದೆ. ಒಂದು ಪ್ರಶ್ನೆಯಲ್ಲಿ, ನಡೆಯದೆ ಹೋದದ್ದನ್ನು ಹೇಳುವ ವಾಕ್ಯ ಕಟ್ಟಬೇಕಿತ್ತು. ಹೀಗಾಗಿದ್ದರೆ ಹಾಗಾಗುತ್ತಿತ್ತು ಎನ್ನುವಂಥದ್ದು. 'ಅವಳು ಹೇಳಿದ್ದರೆ ತಾಯಿ ನೆಲದ ಮೇಲೆ ಮಲಗುತ್ತಿದ್ದಳು' ಎಂದು ಇಂಗ್ಲಿಷ್‌ನಲ್ಲಿ ಬರೆದೆ. ವ್ಯಾಕರಣ ಸರಿಯಿತ್ತು, ಅಂಕ ಸಿಕ್ಕಿತು. ನಾನು ಪಾಸಾದೆ. ಕಾಯಂ ಆದೆ. ಜೊತೆಯವರು ಪೇಡಾ ತರಿಸಿದರು. ಖುಷಿಯೂ ಆಯಿತು, ಇಲ್ಲವೆನ್ನಲಾರೆ.

ಆಯಿ ಮೆಹಕರದಿಂದ ತಿರುಗಿ ಬಂದರು. ಪೇಡಾ ಕೊಟ್ಟರೆ ತಲೆ ಸವರಿ ತಿಂದರು. ಮಧ್ಯಾಹ್ನ ಮೊರ ಹಿಡಿದು ನಡುವಿನ ಖೋಲಿಗೆ ಹೋದರು. ನಾನು ನನ್ನ ಕೋಣೆಯಲ್ಲಿ ಕಿವಿಗೊಟ್ಟು ಕೂತೆ. ಜೋಳ ಸರಿದಾಡುವ ಸದ್ದು ಬಿಟ್ಟರೆ ಬೇರೇನಿಲ್ಲ.

ಹೋಗಿ ನೋಡಿದೆ. ಆಯಿ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆಯುತ್ತಿದ್ದರು.

"ಬರವಲ್ದು ತಂಗಿ," ಅಂದರು. "ಅರ್ಥ ತಿಳಿದ ಮ್ಯಾಲ ಅಕಿ ದನಿ ಬರವಲ್ದು. ಅನ್ನಾಕ ಹೋದ್ರ ನನ್ನ ದನೀನೇ ಬರ್ತದ."

ಅರ್ಥ ಹೇಳಿದವಳು ನಾನೇ ಅಲ್ಲವೇ. ಆಯಿ ಮಾತ್ರ ಅದನ್ನು ಎತ್ತಿ ಆಡಲಿಲ್ಲ. ಪಕ್ಕದ ನೆಲವನ್ನು ಅಂಗೈಯಿಂದ ಸವರಿ, "ಕುಂದ್ರು. ನೀ ಒಮ್ಮಿ ಅನ್ನು," ಅಂದರು.

ಅಂದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿಸಿದಾಗ "ಹೌದು, ಇದೇ" ಅಂದರು. ಅಂದಿನಿಂದ ಪಾಳಿ ಮುಗಿಸಿ ಬಂದು ಒಂದಿಷ್ಟು ಹೊತ್ತು ನಾನು ಅಲ್ಲಿ ಕೂತು ಇಂಗ್ಲಿಷ್ ಹೇಳುತ್ತೇನೆ. ಪರೀಕ್ಷೆ ಮುಗಿದರೂ ಹೇಳುತ್ತೇನೆ. ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ.

ಈಚೆಗೆ ನಂಜನಗೂಡಿನ ಘಟಕ ಮತ್ತೆ ತೆರೆಯುತ್ತದೆ ಎಂಬ ಸುದ್ದಿ ಇದೆ. ಹೋಗಬೇಕೆನ್ನುವವರು ಹೋಗಬಹುದಂತೆ. ಊರಿನ ಕಾಲುವೆ, ಅನ್ನ, ನಮ್ಮ ಮಾತು, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಹೂಂ ಅನ್ನಲು ಹೊರಟಾಗ ಮಧ್ಯಾಹ್ನದ ಆ ಖೋಲಿಯೂ ಕಣ್ಣಿಗೆ ಕಟ್ಟುತ್ತದೆ.

ಮೊನ್ನೆ ನಡುವಿನ ಖೋಲಿಯಿಂದ ಏಳುತ್ತಿದ್ದ ಹಾಗೆ ನನ್ನ ಫೋನು ರಿಂಗಾಯಿತು. ಊರಿಂದ ಅವ್ವ. ಘಟಕ ತೆರೆಯುವ ಸುದ್ದಿ ತಮ್ಮನಿಂದ ತಿಳಿದಿತ್ತಂತೆ. "ಯಾವಾಗ್ ಬತ್ತಿಯೆ ಮಗ?" ಅಂದಳು. ನಾನು ಅಕ್ಕರೆಯಿಂದಲೇ, ಯೋಚಿಸದೆ, ಇಲ್ಲಿಯವರ ಹಾಗೆ, "ಬರ್ತೇನ್ರಿ, ಜರಾ ತಡೀರಿ" ಅಂದೆ.

ಆ ಕಡೆ ಅವ್ವ ಗುರುತಿಲ್ಲದವರ ಜೊತೆ ಮಾತಾಡುವ ಮೆತ್ತನೆಯ ದನಿಯಲ್ಲಿ ಕೇಳಿದಳು: "ಯಾರವ್ವಾ ಮಾತಾಡ್ತಿರದು? ನಮ್ ಮಂಜುಂಗೆ ಒಸಿ ಪೋನ್ ಕೊಡವ್ವಾ."

"ನಾನೇ ಅವ್ವ," ಅನ್ನಬೇಕಿತ್ತು. ಎರಡೇ ಪದ. ಯಾವ ದನಿಯಲ್ಲಿ ಅಂದರೆ ಅವಳು ನಂಬುತ್ತಾಳೆಂದು ಹುಡುಕುತ್ತಾ, ಫೋನು ಕಿವಿಗೆ ಹಿಡಿದು ನಿಂತೇ ಇದ್ದೆ.